ಎಡಗಾಲಿನ ಪೆಡಲು

ನಮ್ಮ ಜೀಪಿನ ಮೂರು ಪೆಡಲುಗಳಲ್ಲಿ ಎಡತುದಿಯದರ ರಬ್ಬರು ಮಾತ್ರ ಸವೆದು ಸವೆದು ಅಂಗೈಯಷ್ಟು ನುಣ್ಣಗಾಗಿದೆ. ಪಕ್ಕದ ಬ್ರೇಕಿನ ರಬ್ಬರಿನ ಗೀರುಗಳು ಇನ್ನೂ ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಎರಡನ್ನೂ ನೋಡಿದವರು, ಈ ಗಾಡಿಯ ಒಡೆಯ ನಿಂತದ್ದಕ್ಕಿಂತ ಗೇರು ಬದಲಿಸಿದ್ದೇ ಹೆಚ್ಚು ಎಂದುಕೊಂಡಾರು. ಹೊಸ ರಬ್ಬರು ಹಾಕಿಸಬಾರದೇ ಎಂದರೆ ನನ್ನ ಗಂಡ, "ಅದರ ಮ್ಯಾಲೆ ನನ್ನ ಕಾಲಿನ ಗುರ್ತ ಐತಿ, ಇರ್ಲಿ ಬಿಡು" ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ನಿವೃತ್ತಳಾದ ಹೆಂಗಸು, ಅಡುಗೆಮನೆಯ ಮಿಕ್ಸರು ಮುನಿಸಿಕೊಂಡರೆ ಗಂಡನನ್ನು ಕೂಗುವವಳು, ಕ್ಲಚ್ಚಿನ ವಿಚಾರ ಬರೆಯಲು ಕುಳಿತಿದ್ದಾಳಲ್ಲ ಎಂದು ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ, ಆದರೆ ಈ ವರ್ಷ ಆ ಎಡಗಾಲಿನ ಪೆಡಲು ನಮ್ಮ ಮನೆಯಲ್ಲಿ ಮಾಡಿದ್ದನ್ನು ಕೇಳಿದ ಮೇಲೆ ನೀವೂ ಒಂದು ಗಳಿಗೆ ಸುಮ್ಮನೆ ಕೂರುತ್ತೀರಿ ಎಂಬ ನಂಬಿಕೆ ನನಗಿದೆ.

ಧಾರವಾಡದ ಕಡೆಯ ನನ್ನ ವಾರಿಗೆಯ ಹೆಂಗಸರು ಗಂಡನ ಹೆಸರು ಹೇಳದೆ ಇಡೀ ಸಂಸಾರ ಸಾಗಿಸಬಲ್ಲರು. ಆದ್ದರಿಂದ ಇಲ್ಲಿಯೂ ಅವರು 'ಇವರು' ಎಂದೇ ಇರಲಿ. ಇವರು ನಾಗಪುರದ ಹೊರಗಿನ ಶಸ್ತ್ರಾಸ್ತ್ರ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ಊರಿಗೆ ಹಿಂತಿರುಗುವ ಮಾತು ಪ್ರತಿ ಬೇಸಿಗೆಯಲ್ಲಿ ಎದ್ದು, ಮೊದಲ ಮಳೆಗೆ ತಣ್ಣಗಾಗಿ, ಕೊನೆಗೆ ಬಜಾಜ್ ನಗರದಲ್ಲೇ ಬೇವಿನ ಮರವಿರುವ ಒಂದು ಪುಟ್ಟ ಮನೆಯಾಗಿ ನಿಂತಿತು. ಆ ಬೇವಿನ ಕೆಳಗೆ ಈ ಜೀಪು. ಕಾಮಠಿಯಲ್ಲಿ ಸೈನ್ಯದವರು ತಮಗೆ ಸಾಕಾದ ಗಾಡಿಗಳನ್ನು ಹರಾಜಿಗಿಟ್ಟಾಗ ಇವರು ಮನೆಗೆ ಸೋಫಾ ತರುತ್ತೇನೆಂದು ಹೋಗಿ ಇದನ್ನು ತಂದರು. ಓಣಿಯ ಉಳಿದ ಗಾಡಿಗಳೆಲ್ಲ ಗಾಜು ಮುಚ್ಚಿಕೊಂಡು ತಂಪಾಗಿ ಜಾರುವಾಗ ನಮ್ಮದು ಕ್ಯಾನ್ವಾಸಿನ ಮಾಡು ಬಡಿಯುತ್ತ, ವೈಶಾಖದ ಬಿಸಿಗಾಳಿಯನ್ನು ಒಂದು ಕಡೆಯಿಂದ ಒಳಗೆ ಬಿಟ್ಟು ಇನ್ನೊಂದು ಕಡೆಯಿಂದ ಹೊರಗೆ ಕಳಿಸುತ್ತ ಹೋಗುತ್ತದೆ. ರಜೆ ಸಿಕ್ಕಾಗಲೆಲ್ಲ ಸಾತಪುಡಾದ ಕಾಡುದಾರಿಗಳಲ್ಲಿ, ಬೇರೆಯವರು ಕೆಸರು ಕಂಡು ಹಿಂತಿರುಗುವ ಜಾಗದಿಂದಲೇ ಇವರ ಪ್ರವಾಸ ಶುರುವಾಗುತ್ತಿತ್ತು. ಅಲುಗಾಟದಲ್ಲಿ ನನ್ನ ಬೆನ್ನು ನೊಂದಿದೆ, ಡಬ್ಬಿಯ ಅವಲಕ್ಕಿ ಚೆಲ್ಲಿದೆ, ಆದರೆ ಬೇಸರವಾಯಿತೆಂದು ಸುಳ್ಳು ಹೇಳಲಾರೆ.

ಹೋದ ಭಾದ್ರಪದದಲ್ಲಿ, ಗಣಪತಿ ಕಳಿಸಿದ ಮರುದಿನ, ಇವರು ಚಹಾದ ಕಪ್ಪನ್ನು ಎಡಗೈಯಿಂದ ಎತ್ತಲು ಹೋದರು. ಕಪ್ಪು ಮೇಲೆ ಬರಲಿಲ್ಲ. ಪಾರ್ಶ್ವವಾಯು ಎಂದರು ಡಾಕ್ಟರು. ಸೌಮ್ಯವಾದದ್ದು ಎಂದೂ ಸೇರಿಸಿದರು, ಆದರೆ ಬಡಿಸಿಕೊಂಡವರಿಗೆ ಸೌಮ್ಯವಾದ ಪೆಟ್ಟು ಯಾವುದಿದೆ ಹೇಳಿ. ಎಡಗೈ, ಎಡಗಾಲು ಎರಡೂ ತಾವು ಬೇರೆಯವರ ಮನೆಯವು ಎಂಬಂತೆ ಸುಮ್ಮನಾಗಿಬಿಟ್ಟವು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ಓಡಾಡುವುದರಲ್ಲಿ ನವರಾತ್ರಿ ಬಂದದ್ದೂ ನನಗೆ ಗೊತ್ತಾಗಲಿಲ್ಲ.

ಆಗ ನಮ್ಮ ಕೈಹಿಡಿದವನು ಬಸಣ್ಣ. ಗದಗಿನ ಕಡೆಯವನು, ಕಾರ್ಖಾನೆಯಲ್ಲಿ ಇವರ ಕೈಕೆಳಗೆ ಕೆಲಸ ಕಲಿತು, ಇವರ ಹಿಂದೆಯೇ ನಿವೃತ್ತನಾಗಿ ಈಗ ಕೋರಾಡಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆಂದು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಜೀಪನ್ನು ಚಾಲೂ ಮಾಡಿ ಹೋಗುತ್ತಿದ್ದ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನವಂತೂ ಬೆಳಿಗ್ಗೆಯೇ ಹಾಜರು. ಕಾರ್ಖಾನೆಯ ಜನಕ್ಕೆ ಆ ಹಬ್ಬ ಎಂಥದ್ದೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಲೇಥಿನಿಂದ ಹಿಡಿದು ಮನೆಯ ಈಳಿಗೆಯವರೆಗೆ ಎಲ್ಲವನ್ನೂ ತೊಳೆದು, ಒರೆಸಿ, ಎಲ್ಲೆಲ್ಲಿ ಎಣ್ಣೆ ಕುಡಿಯುವ ತೂತಿದೆಯೋ ಅಲ್ಲೆಲ್ಲ ಎಣ್ಣೆ ಕುಡಿಸಿ, ಆಮೇಲೆ ಕುಂಕುಮ, ಆಮೇಲೆ ಚೆಂಡುಹೂವು. ಒಣಗಿದ ಯಂತ್ರಕ್ಕೆ ಪೂಜೆ ಮಾಡುವುದು ಹಸಿದ ಅತಿಥಿಗೆ ಬರೀ ಆರತಿ ಎತ್ತಿ ಕಳಿಸಿದ ಹಾಗೆ ಎಂಬುದು ಅವರ ಲೆಕ್ಕ. ಹೊತ್ತು ಏರಿದ ಮೇಲೆ ನಾನು ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಾಗ ಬೇವಿನ ಕೆಳಗೆ ಜೀಪು ಹಾರ ಹಾಕಿಕೊಂಡು ನಿಂತಿತ್ತು; ಅದನ್ನು ಕಂಡು ಅಷ್ಟು ದಿನ ಬಿಗಿಹಿಡಿದ ಅಳು ಗೇಟಿನಲ್ಲೇ ಹೊರಗೆ ಬಂತು.

ಸಂಕ್ರಾಂತಿಯ ಹೊತ್ತಿಗೆ ಇವರು ಕೋಲು ಬಿಟ್ಟು ನಡೆದರು. ಡಾಕ್ಟರು ಅಡ್ಡಿಯಿಲ್ಲ ಎಂದ ಮೇಲೆ ಜೀಪಿನ ಬೀಗದ ಕೈ ಕೇಳಿದರು. ನಾನು ಪಕ್ಕದ ಸೀಟಿನಲ್ಲಿ, ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟುಕೊಂಡು, ಗಂಗಾಸ್ನಾನಕ್ಕೆ ಹೊರಟವಳ ಮುಖ ಮಾಡಿಕೊಂಡು ಕೂತೆ. ಓಣಿಯ ತುದಿಯವರೆಗೆ, ನಂತರ ತರಕಾರಿ ಮಾರುಕಟ್ಟೆಯವರೆಗೆ, ನಂತರ ಅಂಬಾಝರಿ ಕೆರೆಯವರೆಗೆ. ಪ್ರತಿ ಸಲ ಎಡಗಾಲು ಪೆಡಲನ್ನು ಒತ್ತಿದಾಗ ಇವರ ದವಡೆ ಒಂದಿಷ್ಟು ಬಿಗಿಯುತ್ತಿತ್ತು, ಬಿಟ್ಟಾಗ ಸಡಿಲುತ್ತಿತ್ತು. ನಾನು ರಸ್ತೆ ನೋಡುವುದು ಬಿಟ್ಟು ಆ ದವಡೆಯನ್ನೇ ನೋಡುತ್ತಿದ್ದೆ.

ಹೋಳಿ ಹುಣ್ಣಿಮೆ ಹತ್ತಿರ ಬರುವಾಗ ಗೇರು ಕರಕರ ಎನ್ನತೊಡಗಿತು. ಮೊದಲು ಅಪರೂಪಕ್ಕೆ, ಆಮೇಲೆ ಪ್ರತಿ ತಿರುವಿನಲ್ಲಿ. ಕೊನೆಗೊಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಗೇರು ಬೀಳಲೇ ಇಲ್ಲ; ಹಿಂದಿನವರೆಲ್ಲ ಹಾರ್ನು ಬಾರಿಸಿದರು, ಒಬ್ಬ ಪುಣ್ಯಾತ್ಮ ಮರಾಠಿಯಲ್ಲಿ "ಕಾಕಾ, ಘರೀ ಬಸಾ" ಎಂದು, ಮನೆಯಲ್ಲಿ ಕೂಡುವಂತೆ ಬುದ್ಧಿ ಹೇಳಿ ಹೋದ. ಮನೆಗೆ ಹೇಗೋ ಬಂದೆವು. ಇವರು ಬಾನೆಟ್ ಎತ್ತಿ, ಕ್ಲಚ್ಚಿಗೆ ದ್ರವ ಕಳಿಸುವ ಬಿಳಿಯ ಡಬ್ಬಿಯನ್ನು ನೋಡಿದರು. ಕಂಠದವರೆಗೂ ತುಂಬಿತ್ತು. ಬಾನೆಟ್ ಮುಚ್ಚಿ, ಬೀಗದ ಕೈಯನ್ನು ನನ್ನ ಕೈಗಿಟ್ಟು, "ಗಾಡಿದೇನೂ ತಪ್ಪಿಲ್ಲ. ಕಾಲು ಪೂರಾ ಒತ್ತೂದಿಲ್ಲ ಇನ್ನ. ಬಸಣ್ಣಗ ಹೇಳ್ತೀನಿ, ಯಾರರ ಗಿರಾಕಿ ನೋಡ್ಲಿ" ಎಂದರು. ಊಟ ಮಾಡುವಾಗ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದರು. ಫಿಸಿಯೋಥೆರಪಿಯ ಚೆಂಡು ಹಿಸುಕುವುದನ್ನೂ ಬಿಟ್ಟರು. ಜೀಪು ಹೋದರೆ ಹೋಗಲಿ, ಅದರ ಜೊತೆ ಈ ಮನುಷ್ಯ ಕುರ್ಚಿಯಲ್ಲಿ ಕೂತುಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು.

ಕ್ಲಚ್ಚಿನ ಕೆಲಸವೇನೆಂದು ಇವರು ಎಂದೋ ನನಗೆ ಹೇಳಿಕೊಟ್ಟಿದ್ದರು. ಇಂಜಿನು ಒಂದು ಕಡೆ ತಿರುಗುತ್ತಲೇ ಇರುತ್ತದೆ, ಇನ್ನೊಂದು ಕಡೆ ಗಾಲಿಗಳು ತಮ್ಮ ಗತಿಯಲ್ಲಿರುತ್ತವೆ. ಇವೆರಡರ ಹಿಡಿತವನ್ನು ಕ್ಷಣಮಾತ್ರ ಬಿಡಿಸಿ, ಗೇರು ಬದಲಾದ ಮೇಲೆ ಮೆಲ್ಲಗೆ ಮತ್ತೆ ಹಿಡಿಸುವುದೇ ಅದರ ಕಸುಬು. ಯಂತ್ರಗಳೆಂದರೆ ಹಿಡಿಯುವಂಥವು ಎಂದು ತಿಳಿದಿದ್ದ ನನಗೆ, ಬಿಡುವುದನ್ನೇ ಕೆಲಸ ಮಾಡಿಕೊಂಡ ಒಂದು ಯಂತ್ರವಿದೆ ಎಂಬುದು ಆಗ ಬಹಳ ಹಿಡಿಸಿತ್ತು. ನಾಗಪುರದಲ್ಲಿ ಬಾಳುವ ಕನ್ನಡದವರಿಗಂತೂ ಇದು ದಿನದ ಅನುಭವ. ಮೆಂತ್ಯದ ಸೊಪ್ಪಿನವಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿರುವಾಗ ತಂಗಿಯ ಫೋನು ಬಂದರೆ, ಒಂದು ಉಸಿರಿನಷ್ಟು ಹೊತ್ತು ಯಾವ ಭಾಷೆಯೂ ಇಲ್ಲದೆ ನಿಂತು, ಆಮೇಲೆ ಕನ್ನಡಕ್ಕೆ ಇಳಿಯಬೇಕು. ಅವಸರ ಮಾಡಿದರೆ ಕರಕರ ಎನ್ನುತ್ತದೆ. ಸೊಪ್ಪಿನವಳಿಗೆ "ತಡಿಯವ್ವ", ತಂಗಿಗೆ "ಥಾಂಬ ಜರಾ" ಎಂದು ಭಾಷೆ ಅದಲುಬದಲು ಮಾಡಿ ನಾನು ಎಷ್ಟೋ ಸಲ ಹೇಳಿದ್ದೇನೆ. ಇಬ್ಬರೂ ತಡೆದುಕೊಂಡಿದ್ದಾರೆ, ಅದು ಅವರ ದೊಡ್ಡತನ.

ಬಸಣ್ಣನಿಗೆ ಫೋನು ಹೋಯಿತು. ನಾಳೆ ಬರುತ್ತೇನೆ ಎಂದನಂತೆ. ಆ ನಾಳೆ ಬೆಳಗಾದಾಗ ನನಗೊಂದು ಹಟ ಹುಟ್ಟಿತು. ತುಂಬಾ ಹಿಂದೆ ಇವರು ನನಗೆ ಜೀಪು ಓಡಿಸಲು ಕಲಿಸಿದ್ದರು. ನಾನು ಗೇಟಿನ ಕಂಬಕ್ಕೆ ಗುದ್ದಿ ಅಲ್ಲಿಗೇ ಕಲಿಕೆ ಮುಗಿಸಿದ್ದೆ. ಆದರೂ ಪೆಡಲು ಒತ್ತುವುದು ಮರೆತಿರಲಿಲ್ಲ. ಬೀಗದ ಕೈ ತೆಗೆದುಕೊಂಡು ಹೊರಗೆ ಹೋಗಿ ಚಾಲಕನ ಸೀಟು ಹತ್ತಿದೆ. ಇವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದವರು, "ಏನ್ ಮಾಡಾಕತ್ತಿ?" ಎಂದರು.

"ನನ್ನ ಕಾಲು ಎರಡೂ ನೆಟ್ಟಗ ಅದಾವ. ನನ್ನ ಕಾಲಿಗೆ ಏನಂತೈತಿ ನೋಡ್ತೀನಿ" ಎಂದೆ.

ಇಂಜಿನು ಆರಿಸಿದ್ದಾಗ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಅದನ್ನು ತೆಗೆದು ಇಂಜಿನು ಚಾಲೂ ಮಾಡಿದೆ. ಪೆಡಲನ್ನು ನೆಲ ಮುಟ್ಟುವವರೆಗೆ, ಸೀಟಿನಿಂದ ಅರ್ಧ ಎದ್ದೇ ಒತ್ತಿದೆ. ಗೇರಿಗೆ ಕೈ ಹಾಕಿದೆ. ಓಣಿಗೆಲ್ಲ ಕೇಳುವಂತೆ ಅದೇ ಕರಕರ. ಇನ್ನೊಮ್ಮೆ ಮಾಡಿದೆ. ಇನ್ನೂ ಜೋರಾಗಿ ಕರಕರ. ಎದುರುಮನೆಯ ಕಿಟಕಿ ತೆರೆಯಿತು. ನಾನು ಇವರ ಕಡೆ ನೋಡಿದೆ. ಕುರ್ಚಿಯಲ್ಲಿ ಒರಗಿದ್ದವರು ನೆಟ್ಟಗೆ ಕೂತಿದ್ದರು. ಆಮೇಲೆ ನಿಧಾನವಾಗಿ, ಎಡಗೈಯನ್ನೇ ಕುರ್ಚಿಯ ತೋಳಿನ ಮೇಲೆ ಊರಿ ಎದ್ದರು. ಭಾದ್ರಪದದಿಂದ ನಾನು ಕಾಣದೇ ಇದ್ದ ಫೋರ್‌ಮನ್ನಿನ ಮುಖ ನನ್ನ ಕಡೆ ಬರುತ್ತಿತ್ತು.

"ಬಂದ್ ಮಾಡು. ಒತ್ತಿ ಹಿಡಿ. ನಾ ಹೇಳೂತನಕ ಬಿಡಬ್ಯಾಡ" ಎಂದು ಹೇಳಿ, ಗಾಲಿಯ ಪಕ್ಕದಲ್ಲಿ ಗೋಣಿಚೀಲ ಹಾಸಿ, ಮಂಡಿಯೂರಿ, ಟಾರ್ಚು ಹಿಡಿದು ಕೆಳಗೆ ಇಣುಕಿದರು. ಪೆಡಲು ಒತ್ತಿದರೆ ಡಬ್ಬಿಯ ದ್ರವ ಸಣ್ಣ ಕೊಳವೆಯಲ್ಲಿ ಹರಿದು, ಕೆಳಗಿನ ಸಿಲಿಂಡರಿನಿಂದ ಒಂದು ಸರಳನ್ನು ಹೊರಗೆ ತಳ್ಳಬೇಕು. ಆ ಸರಳು ಕ್ಲಚ್ಚಿನ ಹಿಡಿತ ಬಿಡಿಸಬೇಕು. ನಮ್ಮ ಸರಳು ಉಗುರಿನಷ್ಟು ಹೊರಬಂದು, ನಾನು ಪೆಡಲು ಹಿಡಿದೇ ಇರುವಾಗ, ನಾಚಿಕೊಂಡಂತೆ ಹಿಂದೆ ಸರಿಯಿತಂತೆ. ಕೆಳಗಿನಿಂದ ಮೊದಲು ಉದ್ದನೆಯ ಉಸಿರು ಕೇಳಿತು, ಆಮೇಲೆ ನಗು. "ನಿನ್ನ ಕಾಲೂ ಕೆಟ್ಟೈತಿ ನೋಡಲೇ!" ಎಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಇವರು ಆಡಿದ ಒಳ್ಳೆಯ ಮಾತುಗಳಲ್ಲಿ ಇದನ್ನು ನಾನು ಮೊದಲಿಗಿಡುತ್ತೇನೆ.

ಡಬ್ಬಿ ತುಂಬಿದೆ, ಎಲ್ಲಿಯೂ ಸೋರಿಲ್ಲ, ಆದರೂ ಒತ್ತಡ ನಿಲ್ಲುವುದಿಲ್ಲ. ಹಾಗಾದರೆ ಮೇಲಿನ, ಕೆಳಗಿನ ಸಿಲಿಂಡರುಗಳೊಳಗಿನ ರಬ್ಬರು ಹೋಗಿರಬೇಕು. ಆದರೆ ಅವು ಹೊಸವು, ಹೋದ ವರ್ಷ ಇವರೇ ಹಾಕಿದವು. ಇವರು ಡಬ್ಬಿಯಲ್ಲಿ ಬೆರಳದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಸಿ ನೋಡಿದರು. ಹುಬ್ಬು ಮೇಲೇರಿತು. "ಒಂದ್ ಗ್ಲಾಸಿನಾಗ ನೀರು ತಾ" ಎಂದರು. ನಾನು ಗಾಜಿನ ಲೋಟದಲ್ಲಿ ನೀರು ತಂದೆ. ಕ್ಲಚ್ಚಿಗೆ ಹಾಕಬೇಕಾದ ದ್ರವ ನೀರಿನಲ್ಲಿ ಬೆರೆತುಹೋಗುತ್ತದಂತೆ; ಡಬ್ಬಿಯಿಂದ ಎತ್ತಿ ಬಿಟ್ಟ ಹನಿಗಳು ಬೆರೆಯಲಿಲ್ಲ, ಸಾರಿನ ಮೇಲಿನ ಒಗ್ಗರಣೆಯ ಹಾಗೆ ತೇಲಿದವು. ಯಾರೋ ಅದಕ್ಕೆ ಯಂತ್ರದ ಎಣ್ಣೆ ಸುರಿದಿದ್ದರು. ಆ ಎಣ್ಣೆಗೂ ಈ ರಬ್ಬರಿಗೂ ಆಗಿಬರುವುದಿಲ್ಲ. ಕುಡಿದು ಉಬ್ಬಿ, ಮೆತ್ತಗಾಗಿ, ಗಾಡಿ ದಿನಾ ಓಡತೊಡಗಿದ ಮೇಲೆ ಅಂಚು ಹರಿದಿದ್ದವು. ಬ್ರೇಕಿನ ಡಬ್ಬಿ ಬೇರೆಯೇ ಇದೆ. ಅದನ್ನೂ ನೋಡಿದರು, ಅದರ ಮುಚ್ಚಳ ತುಕ್ಕು ಹಿಡಿದು ಗಟ್ಟಿಯಾಗಿ, ಇಕ್ಕಳವಿಲ್ಲದೆ ತೆರೆಯುವಂತಿರಲಿಲ್ಲ, ಒಳಗಿನ ದ್ರವ ಶುದ್ಧವಾಗಿತ್ತು. ತುಕ್ಕಿಗೂ ಒಂದು ನಮಸ್ಕಾರ ಹಾಕುವ ದಿನ ಬರುತ್ತದೆಂದು ನಾನು ತಿಳಿದಿರಲಿಲ್ಲ.

ಅಷ್ಟರಲ್ಲಿ ಗೇಟು ಸದ್ದಾಯಿತು. ಬಸಣ್ಣ, ಕೈಯಲ್ಲಿ ಕಿತ್ತಳೆಯ ಚೀಲ. ಒಳಗೆ ಬರುತ್ತಲೇ ತೆರೆದ ಬಾನೆಟ್ ಕಂಡು ಗಾಬರಿಯಾದ.

"ಸಾಹೇಬ್ರ, ಗಾಡಿ ಮಾರೂದು ಖರೇನೇನ್ರಿ? ಏನಾತ್ರಿ ಅದಕ್ಕ? ನಾ ಬರೋಬರ್ ನೋಡ್ಕೊಂಡೀನ್ರಿ. ಇಲ್ಲೇ ನಿಂತಾರ ವೈನಿ, ಅವ್ರನ್ನ ಕೇಳ್ರಿ ಬೇಕಾದ್ರ. ಖಂಡೇನವಮಿಗೆ ಒಂದ್ ತೂತು ಬಿಡಲಾರದಂಗ ಎಣ್ಣಿ ಹಾಕೀನಿ. ಆ ಬಿಳೀ ಡಬ್ಬಿ ಸುದ್ದಾ ಅರ್ಧಾ ಆಗಿತ್ತು, ಅದನ್ನೂ ಫುಲ್ ಮಾಡೀನಿ. ನೀವು ಅಲ್ಲಿ ಮಲಗೀರಿ, ಇಲ್ಲಿ ಗಾಡಿ ಒಣಗಬಾರ್ದು ಅಂತ…"

ಇವರ ಎಡಗೈ, ಅಂಗಿಯ ಗುಂಡಿ ಹಾಕಲೂ ಒಲ್ಲೆ ಎನ್ನುತ್ತಿದ್ದ ಕೈ, ಮೆಲ್ಲಗೆ ಮುಂದೆ ಸರಿದು ಲೋಟದ ಬಾಯಿಯನ್ನು ಮುಚ್ಚಿತು. ನಾನು ಆ ಲೋಟವನ್ನು ಎತ್ತಿಕೊಂಡು, ಕುಡಿದು ಬಿಟ್ಟ ನೀರೆಂಬಂತೆ ಒಳಗೆ ಒಯ್ದೆ. ಬಚ್ಚಲಿನಲ್ಲಿ ನಿಂತು ಕೇಳಿದೆ; ಇವರು ಹೇಳುತ್ತಿದ್ದರು: "ರಬ್ಬರ್ ಹೋಗ್ಯಾವಪಾ. ರಬ್ಬರಿಗೆ ಏನ್ ಹೇಳೂದು, ಹೋಗ್ತಾವ. ಕಾಮಠಿಗೆ ಹೋಗಿ ಎರಡೂ ಸಿಲಿಂಡರಿನ ಕಿಟ್ ತಂದ್ ಕೊಡು. ಮಾರೂ ಮಾತು ಬಿಡು. ಮತ್ತ ಮುಂದಿನ ಖಂಡೇನವಮಿಗೆ ಆ ಡಬ್ಬಿ ಪೂಜಾ ನನಗಿರ್ಲಿ, ಬಾಕಿದೆಲ್ಲಾ ನಿಂದು." ಬಸಣ್ಣ ಜಲ್ದಿ ಹೊರಟ, ಚಹಾಕ್ಕೂ ನಿಲ್ಲಲಿಲ್ಲ.

ಅವನು ಹೋದ ಮೇಲೆ ನಾನು ಕಿತ್ತಳೆ ಸುಲಿಯುತ್ತ ಬಹಳ ಹೊತ್ತು ಯೋಚಿಸಿದೆ. ಇವರು ಹಾಸಿಗೆಯಲ್ಲಿ ಬಿದ್ದಿದ್ದಾಗ, ಊರಲ್ಲದ ಊರಿನಲ್ಲಿ, ರಕ್ತಸಂಬಂಧವಿಲ್ಲದ ಒಬ್ಬ ಮನುಷ್ಯ ಬಸ್ಸು ಹತ್ತಿ ಬಂದು, ಅರ್ಧವಾಗಿದ್ದದ್ದನ್ನು ಕಂಡು ಸಹಿಸಲಾರದೆ ತುಂಬಿಸಿ ಹೋಗಿದ್ದ. ತುಂಬಿದ್ದು ತಪ್ಪು ಎಣ್ಣೆ ಇರಬಹುದು. ಆ ತಪ್ಪಿನಿಂದ ನಮ್ಮ ಒಂದು ದಿನ ಕತ್ತಲಾದದ್ದೂ ನಿಜ. ಆದರೂ ಬದುಕಿನಲ್ಲಿ ಹಾಗೆ ನಮಗಾಗಿ ಡಬ್ಬಿ ತುಂಬಿಸುವವರು ಎಷ್ಟು ಜನ ಸಿಗುತ್ತಾರೆ? ಸರಿಯಾದ ಎಣ್ಣೆ ಯಾವುದೆಂದು ಬಲ್ಲವರು ನಮಗೆ ಬೇಕಾದಷ್ಟು ಮಂದಿ ಪರಿಚಯವಿದ್ದರು. ಅವರು ಫೋನಿನಲ್ಲಿ ಆರೋಗ್ಯ ವಿಚಾರಿಸಿದರು. ಅವರಿಗೂ ಒಳ್ಳೆಯದಾಗಲಿ. ಬಸಣ್ಣನನ್ನು ನೆನೆದರೆ ಮಾತ್ರ ನನ್ನ ಕಣ್ಣು ಈಗಲೂ ಮಂಜಾಗುತ್ತದೆ.

ಕಿಟ್ ಬಂತು. ಬಸಣ್ಣನೂ ಇವರೂ ಸೇರಿ ಎರಡೂ ಸಿಲಿಂಡರು ಬಿಚ್ಚಿದರು. ಹಳೆಯ ರಬ್ಬರುಗಳು ನೆನೆಸಿದ ಕಡಲೆಯ ಹಾಗೆ ಉಬ್ಬಿ ಹೊರಬಂದವು. ಡಬ್ಬಿ, ಕೊಳವೆ ಎಲ್ಲವನ್ನೂ ಸ್ಪಿರಿಟಿನಿಂದ ತೊಳೆದು, ಗಾಳಿ ಊದಿ, ಎಣ್ಣೆ ಕುಡಿದ ರಬ್ಬರಿನ ಹೋಸ್ ಪೈಪನ್ನೂ ಬದಲಿಸಿ, ಹೊಸ ರಬ್ಬರು ಕೂಡಿಸಿ, ಆಗಷ್ಟೇ ಮೊಹರು ಒಡೆದ ಹೊಸ ಬಾಟಲಿಯಿಂದಲೇ ದ್ರವ ತುಂಬಿದರು. ಡಬ್ಬಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ಬಸಣ್ಣನ ಕೊನೆಯ ಬಸ್ಸಿನ ಚಿಂತೆ ಶುರುವಾಯಿತು, ಅವನನ್ನು ಕಳಿಸಿಕೊಟ್ಟೆವು.

ಉಳಿದದ್ದು ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು: ಮೇಲೆ ಕೂತು ಪೆಡಲು ಒತ್ತುವವರೊಬ್ಬರು, ಕೆಳಗೆ ಮಲಗಿ ಸಿಲಿಂಡರಿನ ಪುಟ್ಟ ತಿರುಪನ್ನು ಸಡಿಲಿಸಿ ಬಿಗಿಯುವವರೊಬ್ಬರು. ತಿರುಪು ಸಡಿಲವಿರುವಾಗ ಕಾಲು ಒಂದಿಷ್ಟು ಎದ್ದರೂ ಗಾಳಿ ಮತ್ತೆ ಒಳಗೆ ನುಗ್ಗುತ್ತದೆ, ಮೊದಲಿನಿಂದ ಶುರು. ಮರುದಿನ ಮುಂಜಾನೆ, ಬಿಸಿಲು ಏರುವ ಮೊದಲು, ಇವರು ಸ್ಪಾನರನ್ನು ನನ್ನ ಕಡೆ ಚಾಚಿದರು. "ನೀ ಕೆಳಗ ಹೋಗು. ನಾ ಮ್ಯಾಲೆ" ಎಂದರು. ಅಷ್ಟೇ. ಯಾವ ಕಾಲಿನಿಂದ ಒತ್ತುತ್ತಾರೆಂದು ನಾನೂ ಕೇಳಲಿಲ್ಲ.

ಹಳೆಯ ಚಾಪೆ ಹಾಸಿ, ಸೆರಗು ಬಿಗಿದು, ಜೀಪಿನ ಹೊಟ್ಟೆಯ ಕೆಳಗೆ ಸರಿದೆ. ಅಲ್ಲಿಂದ ಕಾಣುವುದು ಕಬ್ಬಿಣ, ಮಣ್ಣು, ಬೇವಿನ ಒಣ ಎಲೆ. ಇವರಿಗೆ ವ್ಯಾಯಾಮ ಮಾಡಿಸುತ್ತಿದ್ದ ಮರಾಠಿ ಹುಡುಗಿ, ಇವರ ಕಾಲು ಕನ್ನಡದಲ್ಲಿ ಹೇಳಿದರೆ ಬೇಗ ಕೇಳುತ್ತದೆಂದು ನನ್ನಿಂದ ಮೂರು ಶಬ್ದ ಕಲಿತಿದ್ದಳು. ನಾನೂ ಅವನ್ನೇ ಕೂಗಿದೆ. "ಒತ್ರಿ." "ಹಿಡೀರಿ." ತಿರುಪು ಸಡಿಲಿಸಿದೆ, ಅದರಿಂದ ಬಾಟಲಿಗಿಳಿಸಿದ ಪಾರದರ್ಶಕ ನಳಿಗೆಯಲ್ಲಿ ಗುಳ್ಳೆಗಳು ಓಡಿದವು, ಬಿಗಿದೆ. "ಬಿಡ್ರಿ." ಮತ್ತೆ. ಮತ್ತೆ. ಒಮ್ಮೆ ಕಾಲು ಜಾರಿತು, ಗಾಳಿ ಹೊಕ್ಕಿತು, ಮೇಲಿನಿಂದ ಒಂದು ಬೈಗುಳ ಬಂತು, ಅದು ಕಾಲಿಗೋ ಗಾಡಿಗೋ ಗೊತ್ತಾಗಲಿಲ್ಲ. ಮತ್ತೆ ಶುರು ಮಾಡಿದೆವು. ಗುಳ್ಳೆಗಳು ಕಡಿಮೆಯಾದವು, ಒಂಟಿಯಾದವು, ನಿಂತವು. ಕೊನೆಗೆ ತಿರುಪು ಬಿಗಿದು, "ಈಗ ಒತ್ತಿ ಹಿಡೀರಿ, ನಾ ಸರಳು ನೋಡ್ತೀನಿ" ಎಂದೆ.

ಸರಳು ಹೊರಗೆ ಬಂತು. ಪೂರ್ತಿ ಬಂತು. ನಾನು ಟಾರ್ಚು ಹಿಡಿದು ಕಾದೆ. ಅದು ಹಿಂದೆ ಸರಿಯಲಿಲ್ಲ, ನಡುಗಲಿಲ್ಲ. ತಿಂಗಳುಗಟ್ಟಲೆ ನಾನು ಆ ಎಡಗಾಲನ್ನು ನೀವಿದ್ದೆ, ಡಾಕ್ಟರು ಅದರ ಮೇಲೆ ಸುತ್ತಿಗೆ ಬಡಿದು ಪರೀಕ್ಷಿಸಿದ್ದರು. ಅದಕ್ಕೆ ಬಲ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದೆವು, ಇವರು ಮಾತ್ರ ನಂಬಿರಲಿಲ್ಲ. ಆ ಬಲವೀಗ ನನ್ನ ಮೂಗಿನ ಮುಂದೆ, ಬೆರಳಿನ ಗಾತ್ರದ ಕಬ್ಬಿಣವಾಗಿ ನಿಂತಿತ್ತು.

"ಬಿಡ್ರಿ ಸಾಕು" ಎಂದೆ.

"ಇನ್ನೊಮ್ಮೆ ಛಲೋತ್ನಂಗ ನೋಡು. ನಾ ಹಿಡದೀನಿ" ಎಂದರು ಮೇಲಿನಿಂದ.

ನೋಡಿದೆ. ಇನ್ನೂ ಒಂದಿಷ್ಟು ಹೊತ್ತು, ನೋಡುವುದು ಮುಗಿದ ಮೇಲೂ ನೋಡಿದೆ.

ಹೊರಗೆ ಬಂದು ಸೀರೆ ಝಾಡಿಸಿಕೊಂಡು, ಎಂದಿನಂತೆ ಪಕ್ಕದ ಸೀಟಿಗೆ ಹತ್ತಲು ಹೋದೆ. ಇವರು ಆಗಲೇ ಇಂಜಿನು ಚಾಲೂ ಮಾಡಿದ್ದರು. ನನ್ನ ಕಡೆ ನೋಡಿ, "ನೀ ಕೈ ತೊಳ್ಕೊಂಡು ಚಾ ಕುಡಿ. ನಾ ಒಂದ್ ಸುತ್ತು ಹೋಗಿ ಬರ್ತೀನಿ" ಎಂದರು. ಮೆಲ್ಲಗೆ ಹೋಗಿ ಬರ್ರಿ ಎಂದು ಕೂಡ ಹೇಳದೆ ಗೇಟು ತೆರೆದೆ.

ಗೇಟಿನಲ್ಲೇ ನಿಂತು ಆಲಿಸಿದೆ. ಮೊದಲನೆಯ ಗೇರು ಸದ್ದಿಲ್ಲದೆ ಬಿತ್ತು. ಹಾಲಿನ ಅಂಗಡಿಯ ಹತ್ತಿರ ಎರಡನೆಯದು. ತಿರುವು ದಾಟಿ ಕಣ್ಮರೆಯಾದ ಮೇಲೆ ಮೂರನೆಯದು ಬಿದ್ದದ್ದು ಇಂಜಿನಿನ ದನಿ ಇಳಿದದ್ದರಿಂದ ತಿಳಿಯಿತು. ಆಮೇಲೆ ಸ್ಕೂಟರು, ಶಾಲೆಯ ಬಸ್ಸು, ಹಳೇ ಸಾಮಾನು ಕೊಳ್ಳುವ ಭಂಗಾರಿನವನ ಕೂಗು. ಜೀಪು ಎಲ್ಲಿದೆಯೋ ಗೊತ್ತಾಗಲಿಲ್ಲ. ಭಾದ್ರಪದದಿಂದ ಈಚೆಗೆ ಇವರು ಎಲ್ಲಿದ್ದಾರೆಂದು ನನಗೆ ತಿಳಿಯದೇ ಹೋದದ್ದು ಅದೇ ಮೊದಲು. ಫೋನಿನ ಕಡೆ ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಒಳಗೆ ಹೋಗಿ ನನ್ನೊಬ್ಬಳಿಗೇ ಸಾಲುವಷ್ಟು ಚಹಾ ಮಾಡಿಕೊಂಡು, ಜಗಲಿಯಲ್ಲಿ ಇವರ ಕುರ್ಚಿ ಖಾಲಿ ಇತ್ತಲ್ಲ, ಅದರಲ್ಲಿ ಕೂತು, ದೇವರೇ ನಿನಗೆ ಕೋಟಿ ನಮಸ್ಕಾರ ಎಂದು ನಿಧಾನವಾಗಿ ಕುಡಿದೆ.